ಧ್ವನಿವರ್ಧಕ ಮತ್ತು ಪರಿಗ್ರಹ ಪರಿಮಾಣ

2006ರಲ್ಲಿ, ಶ್ರವಣಬೆಳಗೊಳದಲ್ಲಿ ಭಗವಾನ್ ಬಾಹುಬಲಿ ಸ್ವಾಮಿಯ ಮಹಾಮಸ್ತಕಾಭಿಷೇಕ ಜರುಗಿದ ವರ್ಷ, ನಾನು ಮುನಿಮಹಾರಾಜರೊಬ್ಬರ ಸನ್ನಿಧಿಯಲ್ಲಿ ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದೆ. ವ್ಯಾಪಾರಸ್ಥನಿಗೆ ಪಟ್ಟಿ ಮಾಡುವುದು ಹೊಸ ವಿದ್ಯೆಯಲ್ಲ. ಕಿರುವಹಿಯೊಂದರಲ್ಲಿ ಮನೆ, ಅಂಗಡಿ, ಚಿನ್ನ, ಬೆಳ್ಳಿ, ವಾಹನ, ವಸ್ತ್ರ, ಪಾತ್ರೆ ಎಂದು ಕ್ರಮವಾಗಿ ಬರೆದು ಒಂದೊಂದರ ಮುಂದೆಯೂ ಮಿತಿಯನ್ನು ನಮೂದಿಸಿದೆ. ಪಟ್ಟಿಯ ಕೊನೆಗೆ ‘ಧ್ವನಿವರ್ಧಕ – ಎರಡು’ ಎಂಬ ಸಾಲೊಂದಿತ್ತು. ಸ್ಟೀರಿಯೊ ಸಂಗೀತಕ್ಕೆ ಎಡಕ್ಕೊಂದು ಬಲಕ್ಕೊಂದು ಬೇಕು. ಅದಕ್ಕಿಂತ ಹೆಚ್ಚಿನದು ಗೃಹಸ್ಥನಿಗೆ ಅನಾವಶ್ಯಕವೆಂದು ಆಗ ತೋರಿತು. ಅಂದಿನಿಂದ ಇಂದಿನವರೆಗೆ ನನ್ನ ಮನೆಯಲ್ಲಿ ಒಂದು ದಿನವೂ ಎರಡಕ್ಕಿಂತ ಹೆಚ್ಚು ಧ್ವನಿವರ್ಧಕಗಳು ಇದ್ದುದಿಲ್ಲ. ಆದರೂ ಆ ವ್ರತವು ನನ್ನಲ್ಲಿ ಅಖಂಡವಾಗಿ ಉಳಿದಿದೆಯೆಂದು ಹೇಳುವ ಧೈರ್ಯ ನನಗಿಲ್ಲ. ಸಂಖ್ಯೆ ಮೀರದೆಯೂ ಪರಿಮಾಣ ಮೀರಬಹುದೇ ಎಂಬ ಪ್ರಶ್ನೆಯನ್ನು ಈ ಒಂದು ವಸ್ತುವಿನ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಉತ್ಸವಗಳಲ್ಲಿ ಕಂಬಕ್ಕೆ ಕಟ್ಟುವ ತುತ್ತೂರಿಯನ್ನಷ್ಟೇ ಧ್ವನಿವರ್ಧಕವೆಂದು ತಿಳಿದ ವಾಚಕರಿಗೆ ಒಂದೆರಡು ವಿವರಣೆಗಳು ಅಗತ್ಯ. ಇಲ್ಲಿ ಪ್ರಸ್ತಾಪಿಸುತ್ತಿರುವುದು ಮನೆಯೊಳಗೆ ಕುಳಿತು ಸಂಗೀತವನ್ನು ಆಲಿಸುವುದಕ್ಕೆಂದೇ ತಯಾರಾಗುವ ಉಚ್ಚ ದರ್ಜೆಯ ಜೋಡಿ ಪೆಟ್ಟಿಗೆಗಳನ್ನು. ಒಂದು ಅಯಸ್ಕಾಂತ, ಅದರ ಕಿರಿದಾದ ಸಂದಿಯಲ್ಲಿ ತೂಗುವ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಶಂಕು – ಇಷ್ಟೇ ಅದರ ಒಡಲು. ವಿದ್ಯುತ್ತು ಹರಿದಂತೆ ಸುರುಳಿಯು ಹಿಂದೆ ಮುಂದೆ ಚಲಿಸುತ್ತದೆ, ಶಂಕುವು ಗಾಳಿಯನ್ನು ತಳ್ಳುತ್ತದೆ. 1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಎಂಬವರು ರೂಪಿಸಿದ ಈ ಉಪಾಯವು ಮೂಲತಃ ಇಂದಿಗೂ ಬದಲಾಗಿಲ್ಲ. ಬೆಲೆ ಮಾತ್ರ ಬದಲಾಗಿದೆ. ಕೆಲವು ಸಾವಿರ ರೂಪಾಯಿಗೆ ದೊರೆಯುವ ಜೋಡಿಯೂ ಉಂಟು, ಕೋಟಿ ರೂಪಾಯಿ ದಾಟುವ ಜೋಡಿಯೂ ಉಂಟು. ಆಂಪ್ಲಿಫೈಯರಿನಿಂದ ಬಂದ ಶಕ್ತಿಯಲ್ಲಿ ಶೇಕಡಾ ಒಂದರಷ್ಟನ್ನಾದರೂ ಧ್ವನಿಯಾಗಿ ಮಾರ್ಪಡಿಸುವ ಗೃಹ ಧ್ವನಿವರ್ಧಕ ಅಪರೂಪ; ಉಳಿದುದೆಲ್ಲ ಶಾಖವಾಗಿ ನಷ್ಟವಾಗುತ್ತದೆ. ನಾನು ಓದಿದ್ದು ಬಿ.ಕಾಂ. ಆದ್ದರಿಂದ ಈ ಲೆಕ್ಕ ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ನೂರು ಹಾಕಿ ಒಂದನ್ನೂ ಪಡೆಯದ ವ್ಯಾಪಾರಕ್ಕೆ ಜನ ಸಾಲುಗಟ್ಟಿ ನಿಲ್ಲುವುದು ಬೇರೆಲ್ಲಿದೆ!

ಶಬ್ದವು ಆಕಾಶದ ಗುಣವೆಂದು ವೈಶೇಷಿಕರು ಹೇಳಿದರೆ, ನಮ್ಮ ಆಚಾರ್ಯರು ಅದನ್ನು ಪುದ್ಗಲದ ಪರ್ಯಾಯವೆಂದು ಸಾಧಿಸಿದರು. ಗೋಡೆಯಿಂದ ತಡೆಯಲ್ಪಡುವುದು, ತಿರುಗಿ ಬರುವುದು, ಕಿವಿಯನ್ನು ಮುಟ್ಟಿಯೇ ತಿಳಿಯಲ್ಪಡುವುದು – ಇವೆಲ್ಲ ಅಮೂರ್ತವಾದ ಆಕಾಶದ ಗುಣಕ್ಕೆ ಸಲ್ಲವು. ಒಳ್ಳೆಯ ಧ್ವನಿವರ್ಧಕದ ಒಡೆಯನಾದವನಿಗೆ ಈ ಸಿದ್ಧಾಂತವನ್ನು ಯಾರೂ ಬೋಧಿಸಬೇಕಾಗಿಲ್ಲ. ಪೆಟ್ಟಿಗೆಯನ್ನು ಮೂಲೆಗೆ ಸರಿಸಿದರೆ ಮಂದ್ರ ಸ್ವರಗಳು ಗುಡ್ಡೆಯಾಗಿ ಬೀಳುತ್ತವೆ. ಒಂದು ಗೇಣು ಮುಂದಕ್ಕೆಳೆದರೆ ತಿಳಿಯಾಗುತ್ತವೆ. ಬರಿಯ ಕಲ್ಲುನೆಲದ ಮೇಲೆ ಜಮಖಾನೆ ಹಾಸಿದೊಡನೆ ಗಾಯಕನ ಕಂಠದ ಕರ್ಕಶತೆ ತಗ್ಗುತ್ತದೆ. ಶಬ್ದವು ವಸ್ತುವೇ ಎಂಬುದನ್ನು ಅವನು ಮೊಣಕಾಲೂರಿ ಪೆಟ್ಟಿಗೆ ನೂಕುತ್ತ ಕಲಿಯುತ್ತಾನೆ.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಮನುಷ್ಯಪ್ರಯತ್ನದಿಂದ ಹುಟ್ಟುವ ವಾದ್ಯಶಬ್ದವನ್ನು ತತ, ವಿತತ, ಘನ, ಸೌಷಿರ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ತೊಗಲು ಬಿಗಿದ ಭೇರಿಯಿಂದ ಹುಟ್ಟುವುದು ತತ, ತಂತಿಯ ವೀಣೆಯಿಂದ ವಿತತ, ಗಂಟೆ ತಾಳಗಳಿಂದ ಘನ, ಕೊಳಲು ಶಂಖಗಳಿಂದ ಸೌಷಿರ. (ಭರತನ ನಾಟ್ಯಶಾಸ್ತ್ರದಲ್ಲಿ ತತವೆಂದರೆ ತಂತಿವಾದ್ಯ, ಎರಡನ್ನೂ ಓದುವವರು ಗೊಂದಲಗೊಳ್ಳಬಾರದು.) ಧ್ವನಿವರ್ಧಕವನ್ನು ಇವುಗಳಲ್ಲಿ ಯಾವ ಪಂಗಡಕ್ಕೆ ಸೇರಿಸುವುದು? ರಚನೆಯಿಂದ ಅದು ಭೇರಿಯ ಬಂಧು. ಆದರೆ ವೀಣೆ, ಗಂಟೆ, ಕೊಳಲು, ಕಡೆಗೆ ಮನುಷ್ಯನ ಕಂಠ, ಎಲ್ಲದರ ವೇಷವನ್ನೂ ಅದು ಧರಿಸುತ್ತದೆ. ತನ್ನದೆಂಬ ಧ್ವನಿ ಅದಕ್ಕೆ ಇರಕೂಡದು; ಇದ್ದರೆ ಅದು ದೋಷ. ಬಲ್ಲವರು ಶ್ರೇಷ್ಠ ಧ್ವನಿವರ್ಧಕವನ್ನು ಹೊಗಳುವುದು ಅದು ಕಾಣೆಯಾಯಿತು ಎಂಬ ಮಾತಿನಿಂದಲೇ. ಸೋಜಿಗವೆಂದರೆ, ಹೀಗೆ ಕಾಣೆಯಾಗಬೇಕಾದ ವಸ್ತುವೇ ಒಡೆಯನ ಮನಸ್ಸಿನಲ್ಲಿ ಹಗಲಿರುಳು ಕಾಣಿಸಿಕೊಳ್ಳತೊಡಗುತ್ತದೆ.

ಈ ವಿಷಯದಲ್ಲಿ ಇಂಗ್ಲೆಂಡಿನ ಎರಡು ಧ್ವನಿವರ್ಧಕಗಳ ಚರಿತ್ರೆ ಬೋಧಪ್ರದವಾಗಿದೆ. ಹಂಟಿಂಗ್‌ಡನ್ ಪಟ್ಟಣದ ಪೀಟರ್ ವಾಕರ್ ಎಂಬವರು 1957ರಲ್ಲಿ ಕ್ವಾಡ್ ಹೆಸರಿನ ಸ್ಥಿರವಿದ್ಯುತ್ ಧ್ವನಿವರ್ಧಕವನ್ನು ಮಾರುಕಟ್ಟೆಗೆ ತಂದರು. ಅದರಲ್ಲಿ ಶಂಕುವೂ ಇಲ್ಲ, ಪೆಟ್ಟಿಗೆಯೂ ಇಲ್ಲ. ರಂಧ್ರಗಳುಳ್ಳ ಫಲಕಗಳ ನಡುವೆ ಅತಿ ತೆಳುವಾದ ಪ್ಲಾಸ್ಟಿಕ್ ಪೊರೆಯನ್ನು ಬಿಗಿದು ಹಲವು ಸಾವಿರ ವೋಲ್ಟುಗಳ ವಿದ್ಯುತ್ತಿನಿಂದ ಅದನ್ನು ಅಲುಗಿಸುತ್ತಾರೆ. ಮನುಷ್ಯಕಂಠವು ಅದರಲ್ಲಿ ಕೇಳಿಸುವಷ್ಟು ಸಹಜವಾಗಿ ಇತರ ಕಡೆ ದುರ್ಲಭವೆಂಬುದು ಅದನ್ನಿಟ್ಟುಕೊಂಡವರ ಒಮ್ಮತದ ಅನುಭವ. ಅದರ ಮಿತಿಗಳೂ ಅಷ್ಟೇ ಪ್ರಸಿದ್ಧ. ಬಹಳ ಗಟ್ಟಿಯಾಗಿ ಹಾಡದು, ಅತಿ ಮಂದ್ರವನ್ನು ಮುಟ್ಟದು, ಶಕ್ತಿಶಾಲಿ ಆಂಪ್ಲಿಫೈಯರ್ ಜೋಡಿಸಿದರೆ ಒಳಗೆ ಕಿಡಿ ಹಾರಿ ಪೊರೆ ತೂತಾಗುವುದು, ಧೂಳನ್ನು ಸೆಳೆದುಕೊಳ್ಳುವುದು. 1985ರವರೆಗೆ ಅದು ತಯಾರಾಯಿತು. ಅದರ ಮಿತಿಯನ್ನು ತಮ್ಮ ಮಿತಿಯೆಂದು ಒಪ್ಪಿಕೊಂಡವರು ಒಂದೇ ಜೋಡಿಯನ್ನು ದಶಕಗಳ ಕಾಲ ಇಟ್ಟುಕೊಂಡು ಸುಖವಾಗಿ ಸಂಗೀತ ಕೇಳಿದ್ದಾರೆ. ಒಪ್ಪದವರು ಎರಡು ಜೋಡಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರು.

ಇನ್ನೊಂದು, ಬಿಬಿಸಿ ಆಕಾಶವಾಣಿಯು 1970ರ ದಶಕದಲ್ಲಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳ ಇಕ್ಕಟ್ಟಿಗಾಗಿ ರೂಪಿಸಿದ ಎಲ್‌ಎಸ್3/5ಎ. ಪಾದರಕ್ಷೆಯ ಡಬ್ಬಕ್ಕಿಂತ ತುಸು ದೊಡ್ಡದು. ಮಾತಿನ ಸ್ಪಷ್ಟತೆಯನ್ನು ಪರೀಕ್ಷಿಸುವುದಕ್ಕೆ ಎಂಜಿನಿಯರರು ಮಾಡಿಕೊಂಡ ಉಪಕರಣವದು, ತಕ್ಕಡಿಯಂತೆ. ಪರವಾನಗಿ ಪಡೆದ ಕಂಪನಿಗಳು ಅದನ್ನು ಮನೆಗಳಿಗೂ ಮಾರಿದವು. ಕೆಇಎಫ್ ಕಂಪನಿಯು ಒಳಗಿನ ಅಂಗಗಳನ್ನು ನಿಲ್ಲಿಸಿದ್ದರಿಂದ 1998ರಲ್ಲಿ ತಯಾರಿಕೆ ನಿಂತು, ಮುಂದೆ ಬೇರೆಯವರಿಂದ ಪುನಃ ಆರಂಭವಾಯಿತು. ಹಳೆಯ 15 ಓಮಿನದು ಶ್ರೇಷ್ಠವೋ ಅನಂತರದ 11 ಓಮಿನದು ಶ್ರೇಷ್ಠವೋ ಎಂಬ ವಿವಾದವು ಪಂಥಭೇದದ ಬಿಸಿಯನ್ನು ಪಡೆದುಕೊಂಡಿದೆ. ಬಳಸಿ ಬಿಡಬೇಕಾಗಿದ್ದ ಕೆಲಸದ ಸಾಮಾನು ಸಂಗ್ರಾಹ್ಯ ವಸ್ತುವಾಯಿತು. ತಕ್ಕಡಿಯನ್ನು ತೂಕಕ್ಕೆ ಬಳಸದೆ ಗಾಜಿನ ಕಪಾಟಿನಲ್ಲಿಟ್ಟ ವರ್ತಕನನ್ನು ನಾನು ಕಂಡಿಲ್ಲ. ಎಲ್‌ಎಸ್3/5ಎಯನ್ನು ಹಾಗೆ ಇಟ್ಟವರನ್ನು ಕಂಡಿದ್ದೇನೆ.

ಶ್ರೇಷ್ಠ ಜೋಡಿಗಳ ಒಡೆಯರೆಲ್ಲರ ಅನುಭವಕ್ಕೆ ಬರುವ ಮತ್ತೊಂದು ಸಂಗತಿ ಕುರ್ಚಿಯದು. ಎರಡು ಧ್ವನಿವರ್ಧಕಗಳೂ ಕೇಳುಗನೂ ಸಮತ್ರಿಕೋನವಾಗಿ ಕುಳಿತಾಗ ಮಾತ್ರ ಗಾಯಕನು ನಡುವೆ ನಿಂತು ಹಾಡಿದಂತಾಗುತ್ತದೆ. ಒಂದು ಮೊಳ ಪಕ್ಕಕ್ಕೆ ಸರಿದರೆ ಅವನು ಒಂದು ಪೆಟ್ಟಿಗೆಯೊಳಗೆ ಹೋಗಿ ಸೇರುತ್ತಾನೆ. ಆದ್ದರಿಂದ ಆ ಕೋಣೆಯಲ್ಲಿ ನಿಜವಾಗಿ ಒಬ್ಬನಿಗೇ ಜಾಗ. ನನ್ನ ಮನೆಯಾಕೆ ಒಂದು ಸಂಜೆ ಬಾಗಿಲಲ್ಲಿ ನಿಂತು, ‘ಮೊದಲು ರೇಡಿಯೊ ಇದ್ದಾಗ ಅಡಿಗೆಮನೆಯಲ್ಲಿದ್ದರೂ ನನಗೂ ಹಾಡು ಇತ್ತು’ ಎಂದಳು. ದೂರಿನ ಧ್ವನಿಯಲ್ಲಿ ಹೇಳಲಿಲ್ಲ. ಅತಿಥಿ ಸಂವಿಭಾಗವನ್ನು ಹನ್ನೆರಡು ವ್ರತಗಳಲ್ಲಿ ಒಂದೆಂದು ಬಸದಿಯಲ್ಲಿ ವಿವರಿಸಿ ಬಂದು, ಪಾಲು ಮಾಡಲಾಗದ ಸುಖವೊಂದನ್ನು ಮನೆಯ ನಡುವೆ ಸ್ಥಾಪಿಸಿದ್ದೆನಲ್ಲ ಎಂದು ನನಗೆ ಅಂದು ಹೊಳೆಯಿತು.

ಭೋಗವೂ ಉಪಭೋಗವೂ ಬೇರೆ. ಒಮ್ಮೆ ಅನುಭವಿಸಿದೊಡನೆ ತೀರಿಹೋಗುವ ಅನ್ನಾದಿಗಳು ಭೋಗ. ಮತ್ತೆ ಮತ್ತೆ ಬಳಕೆಗೆ ಬರುವ ವಸ್ತ್ರಾದಿಗಳು ಉಪಭೋಗ. ಸ್ವರವು ಹುಟ್ಟಿದ ಕ್ಷಣವೇ ಕಳೆಯುವುದರಿಂದ ಸಂಗೀತವು ಭೋಗದ ಬಳಗದ್ದು, ಪೆಟ್ಟಿಗೆ ಉಪಭೋಗದ್ದು. ಕಳೆದುಹೋಗುವ ವಸ್ತುವಿನ ಮೇಲೆ ಮನಸ್ಸು ಹೆಚ್ಚು ಹೊತ್ತು ನಿಲ್ಲಲಾರದು. ಉಳಿಯುವ ವಸ್ತುವನ್ನು ಹಿಡಿಯುತ್ತದೆ. ಹೀಗಾಗಿ ಸಂಗೀತದ ಮೇಲಿನ ಪ್ರೀತಿ ಗೊತ್ತಿಲ್ಲದೆ ಪೆಟ್ಟಿಗೆಯ ಖಾತೆಗೆ ಜಮೆಯಾಗುತ್ತದೆ. ನನ್ನಲ್ಲಿ ಅದು ಜಮೆಯಾದದ್ದು ಹೇಗೆ ಗೊತ್ತಾಯಿತೆಂದರೆ, ಪಂಡಿತ್ ಮಲ್ಲಿಕಾರ್ಜುನ ಮನಸೂರರ ಧ್ವನಿಮುದ್ರಿಕೆಯೊಂದು ಮುಗಿದಾಗ ಅವರು ಹಾಡಿದ ರಾಗ ಯಾವುದೆಂದು ಮೊಮ್ಮಗ ಕೇಳಿದ. ನನಗೆ ನೆನಪಿರಲಿಲ್ಲ. ತಂಬೂರಿಯ ಝೇಂಕಾರ ಎಡಗಡೆ ಎಷ್ಟು ಅಗಲಕ್ಕೆ ಹರಡಿತ್ತೆಂಬುದು ನೆನಪಿತ್ತು.

ಕಿವಿಯ ಬಯಕೆಗೆ ಒಂದು ವಿಚಿತ್ರ ಗಣಿತವುಂಟು. ಧ್ವನಿಯು ಈಗಿನದಕ್ಕಿಂತ ಎರಡರಷ್ಟು ಗಟ್ಟಿಯೆಂದು ಕಿವಿಗೆ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. 10 ಡೆಸಿಬೆಲ್ ಏರಬೇಕಾದರೆ ವಿದ್ಯುಚ್ಛಕ್ತಿ ಹತ್ತು ಪಟ್ಟಾಗಬೇಕು. 10 ವ್ಯಾಟಿನವನಿಗೆ ಇಮ್ಮಡಿಗೆ 100 ವ್ಯಾಟ್, ಅದರ ಇಮ್ಮಡಿಗೆ 1,000. ಗುಣಮಟ್ಟದ ವಿಷಯದಲ್ಲಿ ಇಷ್ಟು ನಿಶ್ಚಿತವಾದ ಸೂತ್ರವಿಲ್ಲ, ಆದರೆ ನನ್ನ ವಹಿಯ ಅಂಕಿಗಳು ಅದೇ ಇಳಿಜಾರಿನಲ್ಲಿವೆ.

ಹಾಗೆ ತೆತ್ತ ಹಣದಲ್ಲಿ ಕಿವಿಯ ಪಾಲೆಷ್ಟು, ಮಿಕ್ಕುದರ ಪಾಲೆಷ್ಟು? 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಧ್ವನಿವಿಜ್ಞಾನಿಗಳು ನಲವತ್ತು ಮಂದಿಯನ್ನು ಕೂರಿಸಿ ನಾಲ್ಕು ಬಗೆಯ ಧ್ವನಿವರ್ಧಕಗಳನ್ನು ಕೇಳಿಸಿದರು. ಒಮ್ಮೆ ಪರದೆಯ ಹಿಂದಿನಿಂದ, ಒಮ್ಮೆ ಕಣ್ಣೆದುರಿಗೆ. ಪರದೆ ಇದ್ದಾಗ ಕೊಟ್ಟ ಅಂಕಗಳು ಪರದೆ ಸರಿದೊಡನೆ ಬದಲಾದವು. ದೊಡ್ಡದು, ಬೆಲೆಬಾಳುವುದು, ಹೆಸರುಳ್ಳದ್ದು ಮೇಲೇರಿತು. ಪುಟ್ಟದು, ಅಗ್ಗದ್ದು ಕೆಳಗಿಳಿಯಿತು. ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಕಣ್ಣಿಗೆ ಕಾಣುತ್ತಿದ್ದಾಗ, ಪೆಟ್ಟಿಗೆಯ ಸ್ಥಾನ ಬದಲಾದುದರಿಂದ ಧ್ವನಿಯಲ್ಲಿ ನಿಜವಾಗಿಯೂ ಆದ ವ್ಯತ್ಯಾಸಗಳಿಗೆ ಕೇಳುಗರು ಹಿಂದಿನಷ್ಟು ಸ್ಪಂದಿಸಲಿಲ್ಲ. ಅಂದರೆ ಒಡೆತನದ ಭಾವವು ಇಲ್ಲದುದನ್ನು ಕೇಳಿಸುವುದಷ್ಟೇ ಅಲ್ಲದೆ ಇದ್ದುದನ್ನೂ ಮುಚ್ಚುತ್ತದೆ. ಮೋಹನೀಯವು ಮತಿಜ್ಞಾನಕ್ಕೆ ಹೀಗೆ ಮುಸುಕು ಹಾಕುವುದನ್ನು ನಾವು ಶಾಸ್ತ್ರದಲ್ಲಿ ಓದುತ್ತೇವೆ. ಅವರು ಅದನ್ನು ಒಂದು ಕೋಣೆಯಲ್ಲಿ ಅಳೆದರು.

ನಕಲು ಅಸಲಿನಿಂದ ಬೇರೆಯೆಂದು ತಿಳಿಯದಂತಾಗಬೇಕು ಎಂಬುದು ಈ ಉದ್ಯಮದ ಹಳೆಯ ಆಸೆ. 1915ರಿಂದ ಸುಮಾರು ಹತ್ತು ವರ್ಷ ಎಡಿಸನ್ ಕಂಪನಿಯು ಊರೂರುಗಳಲ್ಲಿ ಗಾಯಕರನ್ನು ಫೋನೋಗ್ರಾಫಿನ ಪಕ್ಕದಲ್ಲಿ ನಿಲ್ಲಿಸಿ, ದೀಪವಾರಿಸಿ, ಹಾಡುತ್ತಿರುವುದು ಮನುಷ್ಯನೋ ಯಂತ್ರವೋ ಹೇಳಿರೆಂದು ಸಭಿಕರಿಗೆ ಸವಾಲು ಹಾಕಿತು. 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ, ಮರುವರ್ಷ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ, ವಾರ್ಫ್‌ಡೇಲ್ ಸಂಸ್ಥೆಯ ಗಿಲ್ಬರ್ಟ್ ಬ್ರಿಗ್ಸ್ ಅಂಥದೇ ಪ್ರದರ್ಶನಗಳನ್ನು ನಡೆಸಿದರು. ಇವನ್ನು ಓದಿದಾಗಲೆಲ್ಲ ನನಗೆ ಆದಿಪುರಾಣದ ನೀಲಾಂಜನೆ ನೆನಪಾಗುತ್ತಾಳೆ. ನೃತ್ಯದ ನಡುವೆಯೇ ಅವಳ ಆಯುಷ್ಯ ತೀರಿತು; ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣದಲ್ಲೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ನಿರ್ಮಿಸಿದನು. ಲಯ ತಪ್ಪಲಿಲ್ಲ, ಸಭೆಗೆ ತಿಳಿಯಲಿಲ್ಲ. ವೃಷಭದೇವನೊಬ್ಬನೇ ಕಂಡನು, ಕಂಡು ವೈರಾಗ್ಯ ತಾಳಿದನು. ನಕಲನ್ನು ಗುರುತಿಸಬಲ್ಲ ಸೂಕ್ಷ್ಮತೆ ನಮ್ಮ ಶ್ರೇಷ್ಠ ಶ್ರೋತೃಗಳಿಗೂ ಉಂಟು. ಆದರೆ ಗುರುತಿಸಿದ ಮೇಲೆ ನಾವು ಇನ್ನೂ ಉತ್ತಮವಾದ ನಕಲನ್ನು ಹುಡುಕಿಕೊಂಡು ಅಂಗಡಿಗೆ ಹೋಗುತ್ತೇವೆ. ಗೃಹಸ್ಥನಿಗೆ ತೀರ್ಥಂಕರನ ಅಳತೆಗೋಲನ್ನು ಹಿಡಿಯುವುದು ಯುಕ್ತವಲ್ಲವೆಂಬುದನ್ನು ಬಲ್ಲೆ. ಎರಡು ದಾರಿಗಳು ಒಂದೇ ಕ್ಷಣದಿಂದ ಕವಲೊಡೆಯುತ್ತವೆಂಬುದನ್ನಷ್ಟೇ ಹೇಳುತ್ತಿದ್ದೇನೆ.

ಈಗ ನನ್ನ ವಹಿಗೆ ಬರುತ್ತೇನೆ. ವ್ರತ ಹಿಡಿದಾಗ ಮನೆಯಲ್ಲಿದ್ದುದು 1994ರಲ್ಲಿ 9,000 ರೂಪಾಯಿಗೆ ಕೊಂಡ ಸ್ವದೇಶಿ ಜೋಡಿ. 2008ರಲ್ಲಿ ಅದನ್ನು ಬಂಧುವೊಬ್ಬರ ಹುಡುಗನಿಗೆ ಕೊಟ್ಟು 65,000 ರೂಪಾಯಿಗೆ ಒಬ್ಬರು ಬಳಸಿದ್ದ ವಿದೇಶಿ ಜೋಡಿಯನ್ನು ತಂದೆ. 2012ರಲ್ಲಿ 2,40,000 ರೂಪಾಯಿಯ ಎತ್ತರದ ಜೋಡಿ ಬಂದಿತು. ಬಳಸಿದ್ದ ಜೋಡಿ ಅಳಿಯನ ಮನೆಗೆ ಹೋಯಿತು. 2016ರಲ್ಲಿ ಅದನ್ನು ಅಂಗಡಿಗೇ ಹಿಂತಿರುಗಿಸಿ, ಮೇಲೆ ಹಣ ಕೊಟ್ಟು 5,10,000 ರೂಪಾಯಿಯ ಜೋಡಿಯನ್ನು ತಂದೆ. ಪ್ರತಿ ಸಲವೂ ವಹಿಯನ್ನು ತೆರೆದು ನೋಡಿದ್ದೇನೆ. ಪ್ರತಿ ಸಲವೂ ‘ಎರಡು’ ಎಂದೇ ಇತ್ತು, ಎರಡೇ ಇದ್ದವು.

ಇಂತಹ ಜಾಣತನ ನನ್ನ ಶೋಧನೆಯೇನಲ್ಲ. ಶ್ವೇತಾಂಬರ ಆಚಾರ್ಯ ಹೇಮಚಂದ್ರರು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಯೋಗಶಾಸ್ತ್ರದಲ್ಲಿ, ಶ್ರಾವಕನು ಸಂಖ್ಯೆಯನ್ನು ಕಾಯುತ್ತ ವ್ರತವನ್ನು ಕೆಡಿಸುವ ಬಗೆಗಳನ್ನು ಎಣಿಸಿದ್ದಾರೆ. ಎರಡು ಹೊಲಗಳ ನಡುವಣ ಬೇಲಿಯನ್ನು ಕಿತ್ತು ಒಂದೇ ಹೊಲವೆನ್ನುವುದು. ಪಾತ್ರೆಗಳು ಹೆಚ್ಚಾದಾಗ ಅವನ್ನು ಕೂಡಿಸಿ ದೊಡ್ಡವಾಗಿ ಮಾಡಿಸಿ ಎಣಿಕೆಯನ್ನು ಮೊದಲಿನಷ್ಟೇ ಇರಿಸಿಕೊಳ್ಳುವುದು. ಹೆಚ್ಚಿನ ಚಿನ್ನವನ್ನು ಅವಧಿ ಮುಗಿದ ಮೇಲೆ ಪಡೆಯುವೆನೆಂದು ಪರರಲ್ಲಿರಿಸುವುದು. ಎಂಟುನೂರು ವರ್ಷಗಳ ಹಿಂದಿನ ಗುಜರಾತಿನ ವರ್ತಕನೂ ನಾನೂ ಒಂದೇ ಪೇಟೆಯವರೆಂದು ತೋರುತ್ತದೆ. ದೊಡ್ಡದಾಗಿ ಮಾಡಿಸಿದ ಪಾತ್ರೆ ನನ್ನ ಮನೆಯಲ್ಲಿದೆ. ಪರರಲ್ಲಿರಿಸಿದ ಚಿನ್ನದ ವಿಷಯ ಮುಂದೆ ಹೇಳುತ್ತೇನೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣವನ್ನು ಮೂರ್ಛೆಯಲ್ಲಿ, ಅಂದರೆ ಮಮಕಾರದಲ್ಲಿ, ಇರಿಸಿದ್ದಾರೆಂಬುದು ಸರ್ವವಿದಿತ. ಆದರೆ ಅದೇ ಅಧ್ಯಾಯದಲ್ಲಿ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಬೆಳ್ಳಿ, ಬಂಗಾರಗಳ ಪ್ರಮಾಣ ಮೀರುವುದನ್ನೇ ಹೇಳಿದ್ದಾರೆ. ಭೋಗೋಪಭೋಗ ಪರಿಮಾಣದ ಅತಿಚಾರಗಳೋ ಬಹುತೇಕ ಸಚಿತ್ತಾದಿ ಆಹಾರಗಳನ್ನು ಕುರಿತವು. ಸಮಂತಭದ್ರಾಚಾರ್ಯರ ರತ್ನಕರಂಡಕದ ದಾರಿ ಬೇರೆ. ಅಲ್ಲಿ ಎಣಿಕೆಗೆ ಸಿಗುವ ವಸ್ತು ಒಂದೂ ಇಲ್ಲ. ವಿಷಯಗಳ ಆದರ ಕಡಿಮೆಯಾಗದಿರುವುದು, ಹಿಂದೆ ಅನುಭವಿಸಿದ್ದನ್ನು ಮತ್ತೆ ಮತ್ತೆ ಸ್ಮರಿಸುವುದು, ಈಗಿನದರಲ್ಲಿ ಅತಿಲೋಲುಪತೆ, ಮುಂದಿನದಕ್ಕಾಗಿ ಅತಿತೃಷ್ಣೆ, ಆಸಕ್ತಿಯಿಂದ ಅತಿಯಾಗಿ ಅನುಭವಿಸುವುದು – ಇವು ಭೋಗೋಪಭೋಗ ವ್ರತದ ಐದು ಕಲೆಗಳು. ಪರಿಗ್ರಹ ಪರಿಮಾಣದ ಕಲೆಗಳಲ್ಲಿ ಒಂದು ವಿಸ್ಮಯ. ಪರರ ಸಂಪತ್ತನ್ನು ಕಂಡು ಬೆರಗಾಗುವುದು. ಧ್ವನಿವರ್ಧಕಗಳ ಒಡೆಯರು ಇಬ್ಬರು ಸೇರಿ ಒಂದು ಸಂಜೆ ಮಾತನಾಡುವುದನ್ನು ಬಲ್ಲವರು ಈ ಪಟ್ಟಿಯನ್ನು ಓದಿ ಮುಗುಳ್ನಗಬಹುದು. ಮಾರಿದ ಜೋಡಿಯಲ್ಲಿ ಕಂಠ ಹೇಗೆ ಕೇಳಿಸುತ್ತಿತ್ತೆಂಬ ಸ್ಮರಣೆ, ಬರಲಿರುವ ಜೋಡಿಯ ಕನಸು, ಸ್ನೇಹಿತನ ಮನೆಯಲ್ಲಿ ಕೇಳಿ ಬಂದುದರ ಬೆರಗು. ಎದುರಿಗಿರುವ ಜೋಡಿ ಹಾಡುತ್ತಲೇ ಇರುತ್ತದೆ, ಯಾರೂ ಕೇಳುತ್ತಿರುವುದಿಲ್ಲ.

ಇಷ್ಟನ್ನು ನಮ್ಮ ಸ್ವಾಧ್ಯಾಯ ಮಂಡಳಿಯಲ್ಲಿ ನಿವೇದಿಸಿದಾಗ ಯುವಕರೊಬ್ಬರು ಆಕ್ಷೇಪಿಸಿದರು. ಹಣ ನ್ಯಾಯಾರ್ಜಿತ, ತೆರಿಗೆ ಸಲ್ಲಿಸಿದ್ದು, ಸಂಗೀತ ಸಾತ್ತ್ವಿಕ ಸುಖ, ಜೀವಹಿಂಸೆ ಇಲ್ಲ, ಹಾಗಿರುವಲ್ಲಿ ದೋಷ ಯಾರಿಗೆ? ಮೊದಲೆರಡನ್ನು ಒಪ್ಪುತ್ತೇನೆ. ಬಸದಿಯಲ್ಲಿ ಅಷ್ಟವಿಧಾರ್ಚನೆಗೆ ವಾದ್ಯವಿದೆ, ಹಾಡಿದೆ. ಶ್ರೋತ್ರೇಂದ್ರಿಯವನ್ನು ಮುಚ್ಚಿಕೊಳ್ಳಿರೆಂದು ಗೃಹಸ್ಥನಿಗೆ ಯಾರೂ ಹೇಳಿಲ್ಲ. ಮೂರನೆಯದನ್ನು ಒಪ್ಪಲಾರೆ. ತಾರಸ್ವರಗಳನ್ನು ನುಡಿಸುವ ಪುಟ್ಟ ಗುಮ್ಮಟವನ್ನು ಅನೇಕ ಉತ್ತಮ ಧ್ವನಿವರ್ಧಕಗಳಲ್ಲಿ ರೇಷ್ಮೆಯ ಬಟ್ಟೆಯಿಂದ ಮಾಡುತ್ತಾರೆ. ಹಗುರವೂ ಮೃದುವೂ ಆದ್ದರಿಂದ. ನನ್ನ 5,10,000 ರೂಪಾಯಿಯ ಜೋಡಿಯ ವಿವರಪತ್ರಿಕೆಯಲ್ಲಿ ಅದನ್ನು ಹೆಗ್ಗಳಿಕೆಯೆಂದೇ ಮುದ್ರಿಸಿದ್ದಾರೆ. ಕೆಲವು ಪೆಟ್ಟಿಗೆಗಳ ಮುಖಕ್ಕೆ ಚರ್ಮವನ್ನೂ ಹೊದಿಸುವುದುಂಟು. ರಾಮನಗರದ ಮಾರುಕಟ್ಟೆಗೆ ಬಂದ ಗೂಡುಗಳೊಳಗಿನ ಜೀವಗಳ ಗತಿ ಏನಾಗುತ್ತದೆಂಬುದು ಕರ್ನಾಟಕದವರಿಗೆ ತಿಳಿಯದ್ದಲ್ಲ. ಪೂಜೆಗೆ ರೇಷ್ಮೆ ಬಿಟ್ಟು ಹತ್ತಿಯುಟ್ಟು ಹೋಗುವ ನಾನು, ಹಿಂತಿರುಗಿ ಬಂದು ರೇಷ್ಮೆಯೆದುರು ಕಣ್ಣುಮುಚ್ಚಿ ಕುಳಿತಿದ್ದೆ. ಪಾಲಿಯೆಸ್ಟರಿನ, ಅಲ್ಯುಮಿನಿಯಮ್ಮಿನ ಗುಮ್ಮಟಗಳು ಧಾರಾಳವಾಗಿ ದೊರೆಯುತ್ತವೆ. ಕೇಳಿ ಕೊಳ್ಳಬಹುದಿತ್ತು, ಕೇಳಲಿಲ್ಲ.

ಪರರಲ್ಲಿರಿಸಿದ ಚಿನ್ನದ ವಿಷಯ. ಬಂಧುವಿನ ಹುಡುಗನಿಗೆ ಕೊಟ್ಟ 9,000 ರೂಪಾಯಿಯ ಜೋಡಿ ಎಲ್ಲಿದೆಯೋ ನನಗೆ ತಿಳಿಯದು, ಅದು ದಾನ. ಆದರೆ 2012ರಲ್ಲಿ ಅಳಿಯನ ಮನೆಗೆ ಎರಡನೆಯ ಜೋಡಿಯನ್ನು ಕಳುಹಿಸುವಾಗ, ‘ನಿಮ್ಮಲ್ಲೇ ಇರಲಿ, ಬೇಕೆನಿಸಿದಾಗ ತರಿಸಿಕೊಳ್ಳುತ್ತೇನೆ’ ಎಂದಿದ್ದೆ. ಹೋದಾಗಲೆಲ್ಲ ಅದರ ಮೇಲಿನ ಧೂಳನ್ನು ನನ್ನ ಕೈವಸ್ತ್ರದಿಂದ ಒರೆಸುತ್ತಿದ್ದೆ. ಅದರ ಶಂಕುವಿನ ಅಂಚಿನಲ್ಲಿ ಪಾಲಿಯುರೆಥೇನ್ ಎಂಬ ಸ್ಪಂಜಿನ ಪಟ್ಟಿ ಇದೆ. ಗಾಳಿಯ ತೇವದಿಂದ ಅಂತಹ ಪಟ್ಟಿ ಹತ್ತಿಪ್ಪತ್ತು ವರ್ಷಗಳಲ್ಲಿ ತಾನಾಗಿಯೇ ಶಿಥಿಲವಾಗುತ್ತದೆ. ಅಳಿಯನ ಊರು ಕರಾವಳಿಯದು. ಕಳೆದ ಮಳೆಗಾಲದಲ್ಲಿ ಅವರು ಫೋನ್ ಮಾಡಿ, ‘ಮಾವ, ನಿಮ್ಮ ಪೆಟ್ಟಿಗೆಯ ಅಂಚು ಪುಡಿಯಾಗಿ ಉದುರುತ್ತಿದೆ, ಏನು ಮಾಡಲಿ?’ ಎಂದು ಕೇಳಿದರು. ನನ್ನೆದೆ ಧಸಕ್ಕೆಂದಿತು. ಹೊಸ ಪಟ್ಟಿ ಅಂಟಿಸುವವರು ಎಲ್ಲಿದ್ದಾರೆಂದು ಹೇಳಿ ಫೋನ್ ಇಟ್ಟ ಮೇಲೆ, ಅವರು ‘ನಿಮ್ಮ’ ಎಂದದ್ದು ಕಿವಿಯಲ್ಲಿ ಉಳಿಯಿತು. ಅವರು ತಪ್ಪಾಗಿ ಹೇಳಿರಲಿಲ್ಲ.

ಆ ರಾತ್ರಿ ವಹಿಯನ್ನು ತೆಗೆದು ‘ಎರಡು’ ಎಂಬುದನ್ನು ಅಳಿಸದೆ, ಪಕ್ಕದಲ್ಲಿ ‘ನಾಲ್ಕು’ ಎಂದು ಬರೆದು ದಿನಾಂಕ ಹಾಕಿದ್ದೇನೆ. ವ್ರತವನ್ನಿತ್ತ ಮಹಾರಾಜರು ಈಗ ಮಹಾರಾಷ್ಟ್ರದ ಕಡೆಗೆ ವಿಹಾರ ಮಾಡುತ್ತಿದ್ದಾರೆ. ಚಾತುರ್ಮಾಸದ ಊರು ನಿಶ್ಚಯವಾದ ಮೇಲೆ ವಹಿಯನ್ನು ತೆಗೆದುಕೊಂಡು ಹೋಗಬೇಕಾಗಿದೆ.